ಬರಗಾಲದಲ್ಲಿ ಕಾಣುವ ಕೋಟೆ

ಉತ್ತು ಸಮ ಮಾಡಿದ ಹೊಲದಲ್ಲಿ ಹಳೆಯ ಕೋಟೆಯ ಗುರುತು ಉಳಿಯುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ನೇಗಿಲು ಕೆದಕುವುದು ಮೇಲಿನ ಮಣ್ಣನ್ನು. ಕೋಟೆಯ ಒಂದು ಪಾಲು ಅದಕ್ಕಿಂತ ಕೆಳಗಿರುತ್ತದೆ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಡನ್‌ಬಾರ್ ಎಂಬ ಊರಿದೆ. ಅದರ ಹತ್ತಿರದ ಬ್ರಾಕ್ಸ್‌ಮತ್‌ನಲ್ಲಿ ಕಬ್ಬಿಣ ಯುಗದ ಒಂದು ಗುಡ್ಡದ ಕೋಟೆ ಇತ್ತು. ಚಿತ್ರದುರ್ಗದಂಥ ಕಲ್ಲಿನ ಕೋಟೆಯಲ್ಲ. ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನೇ ಒಳಬದಿಗೆ ದಿಬ್ಬ ಹಾಕಿ, ನಡುವೆ ದುಂಡು ಮನೆ ಕಟ್ಟಿಕೊಂಡು ಜನ ಬಾಳುತ್ತಿದ್ದರು. ಇಂಗ್ಲೆಂಡಿನ ಮೇಡನ್ ಕಾಸಲ್‌ನಲ್ಲಿ ಇಂಥ ದಿಬ್ಬಗಳು ಇಂದಿಗೂ ಎತ್ತರಕ್ಕೆ ನಿಂತಿವೆ. ಅಲ್ಲಿ 1934ರಿಂದ 1937ರವರೆಗೆ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರೇ 1947ರಲ್ಲಿ ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಬ್ರಾಕ್ಸ್‌ಮತ್‌ನ ದಿಬ್ಬಕ್ಕೆ ಮೇಡನ್ ಕಾಸಲ್‌ನಂತೆ ಉಳಿಯುವ ಭಾಗ್ಯವಿರಲಿಲ್ಲ. ಉಳುಮೆಯಲ್ಲಿ ದಿಬ್ಬ ಸವೆಯಿತು, ಕಂದಕ ತುಂಬಿತು. ಆಕಾಶದಿಂದ ನೋಡಿದವರಿಗೆ ಮಾತ್ರ ಪೈರಿನಲ್ಲಿ ಅದರ ಉಂಗುರಗಳು ಕಂಡವು.

ಹೇಗೆ? ಇದನ್ನು ನಿಧಾನವಾಗಿ ಹೇಳಬೇಕು, ಅಷ್ಟು ಚೆಂದದ ಸಂಗತಿ.

ಹಳೆಯ ತಿಪ್ಪೆ ಇದ್ದ ಕಡೆ ರಾಗಿ ಕಪ್ಪಗೆ, ಎತ್ತರಕ್ಕೆ ಬರುತ್ತದೆ, ಅಲ್ವಾ? ಮುಚ್ಚಿಹೋದ ಕಂದಕವೂ ಹಾಗೆಯೇ. ನೂರಾರು ವರ್ಷ ಅದರೊಳಗೆ ಮೇಲ್ಮಣ್ಣು, ಕಸ, ಮೂಳೆ ಸೇರಿರುತ್ತವೆ. ಸುತ್ತಲಿನ ಗಟ್ಟಿ ನೆಲಕ್ಕಿಂತ ಅಲ್ಲಿ ಸಡಿಲ ಮಣ್ಣು ಜಾಸ್ತಿ, ತೇವವೂ ಜಾಸ್ತಿ. ಗಿಡದ ಬುಡದಲ್ಲಿ ನೀರು ತುಂಬಿದ ಮಡಕೆ ಹೂತಿಟ್ಟ ಹಾಗೆ. ಬಾರ್ಲಿಯ ಬೇರು ಒಂದು ಮೀಟರಿಗೂ ಕೆಳಗೆ ಇಳಿಯಬಲ್ಲದು. ಮಳೆ ಕೈಕೊಟ್ಟಾಗ ಪಕ್ಕದ ಪೈರು ಹಳದಿಗೆ ತಿರುಗಿದರೂ ಕಂದಕದ ಮೇಲಿನದು ಹಸಿರಾಗಿಯೇ ಇರುತ್ತದೆ. ಅಡಿಯಲ್ಲಿ ಕಲ್ಲಿನ ತಳಪಾಯವಿದ್ದರೆ ಉಲ್ಟಾ. ತಾರಸಿ ಮೇಲಿನ ಕುಂಡದ ಗಿಡದಂತೆ ಅಲ್ಲಿಯ ಪೈರು ಮೊದಲು ಬಾಡುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲ ಬೇರಿಗೂ ನೀರು ಸಿಗುತ್ತದೆ, ಗೆರೆ ಕಾಣುವುದೇ ಕಷ್ಟ. ಅದಕ್ಕೇ 1976 ಮತ್ತು 2018ರ ಒಣ ಬೇಸಿಗೆಗಳಲ್ಲಿ ಬ್ರಿಟನ್ನಿನಲ್ಲಿ ಇಂಥ ಎಷ್ಟೋ ಗುರುತುಗಳು ಮೇಲೆದ್ದವು.

ವಿಮಾನ ಬರುವುದಕ್ಕೆ ಮುಂಚೆಯೂ ಇದನ್ನು ಕಂಡವರಿದ್ದರು. ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರಿಚ್‌ಬರೋದಲ್ಲಿ ಪೈರು ಶಿಲುಬೆಯ ಆಕಾರದಲ್ಲಿ ತೆಳ್ಳಗೆ ಬೆಳೆಯುತ್ತಿತ್ತು. ಜನ ಅದನ್ನು ಸಂತ ಅಗಸ್ಟೀನನ ಶಿಲುಬೆ ಅನ್ನುತ್ತಿದ್ದರು. ಅದು ಹಳೆಯ ಬೀದಿಗಳ ಗುರುತು ಎಂದು ಇತಿಹಾಸಕಾರ ವಿಲಿಯಂ ಕ್ಯಾಮ್ಡನ್ ಬರೆದಿಟ್ಟರು. ಅಷ್ಟು ಹಿಂದೆಯೇ ಬಿಡಿಸಿದ ಒಗಟಿಗೆ ಇವತ್ತೂ ಕೆಲವರು ಅನ್ಯಗ್ರಹದವರನ್ನು ತಂದು, ಪೈರಿನ ಉಂಗುರ ಅವರದೇ ಕೆಲಸ ಅನ್ನುವುದು ನೋಡಿದರೆ ಬೇಸರವಾಗುತ್ತದೆ. ಪೈರನ್ನು ತುಳಿದು ಮಲಗಿಸಿದ ಚಿತ್ರಗಳ ಕತೆಯೇ ಬೇರೆ. ಹಲಗೆ, ಹಗ್ಗ ಹಿಡಿದು ಅಂಥವನ್ನು ಮಾಡಿದ್ದು ತಾವೇ ಎಂದು ಇಂಗ್ಲೆಂಡಿನ ಡಗ್ ಬೋವರ್ ಮತ್ತು ಡೇವ್ ಚೋರ್ಲಿ 1991ರಲ್ಲಿ ಒಪ್ಪಿಕೊಂಡರು. ಕೋಟೆಯ ಉಂಗುರದಲ್ಲಿ ಯಾರೂ ಒಂದು ದಂಟನ್ನೂ ಬಾಗಿಸಿರುವುದಿಲ್ಲ.

ಬ್ರಾಕ್ಸ್‌ಮತ್‌ಗೆ ಸಿಮೆಂಟ್ ಕಾರ್ಖಾನೆಯ ಸುಣ್ಣದಕಲ್ಲಿನ ಗಣಿ ಬರಲಿತ್ತು. ಅದಕ್ಕೆ ಮುಂಚೆ, 1977 ಮತ್ತು 1978ರಲ್ಲಿ, ಅಗೆದು ನೋಡಿದರು. ನೂರಾರು ವರ್ಷಗಳ ಬದುಕು ಪದರ ಪದರವಾಗಿ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಉಕ್ಕಿನ ಚೂರುಗಳೂ ಸಿಕ್ಕವು!

ಅಗೆಯದೆ ಬಿಟ್ಟ ಕೋಟೆಗಳ ಗತಿ? ಇಳಿಜಾರಿನಲ್ಲಿ ಉತ್ತ ಮಣ್ಣು ಪ್ರತಿ ವರ್ಷ ಅಷ್ಟಷ್ಟು ಕೆಳಕ್ಕೆ ಜಾರುತ್ತದೆ. ರೈತ ನೇಗಿಲನ್ನು ಮೊದಲಿನಷ್ಟೇ ಆಳಕ್ಕೆ ಇಳಿಸಿದರೂ ಅದು ಹೊಸ ಪದರಕ್ಕೆ ತಾಗುತ್ತದೆ. ಮೊದಲು ಮನೆಯ ನೆಲ ಹೋಗುತ್ತದೆ, ಆಮೇಲೆ ಒಲೆ, ಆಮೇಲೆ ಕಂಬದ ಗುಳಿ. ಉಳುಮೆ ನಿಲ್ಲಿಸಿ ಹುಲ್ಲು ಬಿಟ್ಟರೆ ಉಳಿದದ್ದು ಉಳಿಯುತ್ತದೆ. ಆದರೆ ಹುಲ್ಲಿನ ಬೇರು ಬಾರ್ಲಿಯಷ್ಟು ಆಳಕ್ಕೆ ಹೋಗುವುದಿಲ್ಲ. ತೀರಾ ದೊಡ್ಡ ಬರ ಬರುವ ತನಕ ಆ ಉಂಗುರ ಯಾರ ಕಣ್ಣಿಗೂ ಬೀಳುವುದಿಲ್ಲ.