44 ಮಕ್ಕಳಲ್ಲಿ 43

2011ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಅದರಲ್ಲಿದ್ದವರು 12ರಿಂದ 15 ವರ್ಷದ 44 ಮಕ್ಕಳು. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರೂ ತಾನು ಗಂಡು, ಗಂಡೆಂದು ಬರೆಸಿದ್ದರೂ ತಾನು ಹೆಣ್ಣು ಎಂದು ಗಟ್ಟಿಯಾಗಿ ಅನ್ನಿಸುತ್ತಿದ್ದ ಮಕ್ಕಳು. ಗಂಟಲು ಒಡೆಯುವುದು, ಎದೆ ಮೂಡುವುದು, ಮುಟ್ಟಾಗುವುದು ಎಲ್ಲ ಮಕ್ಕಳಿಗೂ ಸ್ವಲ್ಪ ಮುಜುಗರವೇ. ಇಂಥ ಮಕ್ಕಳಿಗೆ ಅದು ಊಟ, ನಿದ್ದೆ ಕೆಡಿಸುವ ಸಂಕಟ. ವೈದ್ಯರು ಇದನ್ನು ಜೆಂಡರ್ ಡಿಸ್ಫೋರಿಯಾ ಎನ್ನುತ್ತಾರೆ.

ಆ 44 ಮಕ್ಕಳಿಗೂ ಹರೆಯ ತಡೆಯುವ ಇಂಜೆಕ್ಷನ್ ಕೊಟ್ಟರು. ಅವರಲ್ಲಿ 43 ಮಕ್ಕಳು ಮುಂದೆ ತಾವು ಬಯಸಿದ ಲಿಂಗದ ಹಾರ್ಮೋನ್ ಬೇಕೆಂದರು. ಈ ಚಿಕಿತ್ಸೆಯ ಸುತ್ತ ಎದ್ದಿರುವ ಜಗಳವೆಲ್ಲ ಈ ಒಂದು ಸಂಖ್ಯೆಯೊಳಗೇ ಇದೆ ಅನ್ನಿಸುತ್ತದೆ ನನಗೆ.

ಮೊದಲು ಮದ್ದಿನ ವಿಚಾರ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್, ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಕಳಿಸುತ್ತದೆ. ಅದು ಬಂದಾಗೆಲ್ಲ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು ಅಂಡಾಶಯವನ್ನೋ ವೃಷಣವನ್ನೋ ಕೆಲಸಕ್ಕೆ ಹಚ್ಚುತ್ತದೆ. 1978ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ಒಂದು ಸೋಜಿಗ ಕಂಡಿತು. ಈ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತಿತ್ತು. ಬಿಡದೆ ಹರಿಸಿದರೆ ಸುಮ್ಮನಾಗಿಬಿಡುತ್ತಿತ್ತು! ಮನೆಯ ಕಾಲಿಂಗ್ ಬೆಲ್ ಒಮ್ಮೆ ಬಡಿದರೆ ಎದ್ದು ಬಾಗಿಲು ತೆಗೆಯುತ್ತೇವೆ. ದಿನವಿಡೀ ಬಡಿಯುತ್ತಲೇ ಇದ್ದರೆ? ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತೇವೆ, ಅಲ್ವಾ? ಇಂಜೆಕ್ಷನ್ ಮಾಡುವುದು ಅದನ್ನೇ. ಆರೇಳು ವರ್ಷಕ್ಕೇ ಮೈನೆರೆಯುವ ಮಕ್ಕಳಿಗೆ 1980ರ ದಶಕದಿಂದ ಇದನ್ನು ಕೊಡುತ್ತಿದ್ದಾರೆ. ನಿಲ್ಲಿಸಿದರೆ ಹರೆಯ ಮತ್ತೆ ಶುರುವಾಗುತ್ತದೆ. ಅಲ್ಲಿ ತಕರಾರಿಲ್ಲ.

ಡಿಸ್ಫೋರಿಯಾ ಇರುವ ಮಕ್ಕಳಿಗೂ ಇದನ್ನು ಕೊಟ್ಟು, ಯೋಚಿಸಲು ಸ್ವಲ್ಪ ಕಾಲ ಸಿಗುವಂತೆ ಮಾಡೋಣ ಎಂದು 1990ರ ದಶಕದಲ್ಲಿ ಹೊರಟವರು ನೆದರ್‌ಲೆಂಡ್ಸ್ ವೈದ್ಯರು. 2011ರಲ್ಲಿ ಅವರು 70 ಮಕ್ಕಳ ವರದಿ ಕೊಟ್ಟರು. ಖಿನ್ನತೆಯ ಲಕ್ಷಣಗಳು ಇಳಿದಿದ್ದವು. ಆದರೆ ಅವರು ನೋಡಿ ಆರಿಸಿಕೊಂಡ ಮಕ್ಕಳು. ಚಿಕ್ಕಂದಿನಿಂದಲೇ ಡಿಸ್ಫೋರಿಯಾ ಇದ್ದವರು, ಮನೆಯವರ ಬೆಂಬಲ ಇದ್ದವರು. ಮದ್ದು ಪಡೆಯದ ಮಕ್ಕಳ ಗುಂಪೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಲಂಡನ್ನಿನಲ್ಲೂ ಹಾಗೆ ಹೋಲಿಸಲಿಲ್ಲ. ಅಲ್ಲಿ ಮಕ್ಕಳ ಮನಸ್ಥಿತಿ ಒಟ್ಟಾರೆ ಸುಧಾರಿಸಲೂ ಇಲ್ಲ, ಕೆಡಲೂ ಇಲ್ಲ. ಓರಗೆಯವರ ಮೂಳೆ ಹರೆಯದಲ್ಲಿ ಗಟ್ಟಿಯಾಗುತ್ತಾ ಹೋದರೆ, ಇವರದು ಹಿಂದೆ ಬಿತ್ತು.

ಈಗ ಆ 43ಕ್ಕೆ ಬನ್ನಿ. ಸರಿಯಾದ ಮಕ್ಕಳನ್ನೇ ಆರಿಸಿದ್ದೆವು, ಅದಕ್ಕೇ ಒಬ್ಬರ ಹೊರತು ಯಾರೂ ಹಿಂದೆ ಸರಿಯಲಿಲ್ಲ ಎನ್ನುತ್ತಾರೆ ಒಂದು ಕಡೆಯವರು. ಯೋಚಿಸಲು ಕಾಲ ಕೊಟ್ಟರೆ ಇನ್ನೂ ಕೆಲವರಾದರೂ ಮನಸ್ಸು ಬದಲಿಸಬೇಕಿತ್ತು, ಮದ್ದೇ ದಾರಿಯನ್ನು ಗಟ್ಟಿ ಮಾಡಿತೋ ಏನೋ ಎನ್ನುತ್ತಾರೆ ಇನ್ನೊಂದು ಕಡೆಯವರು. ಎರಡೂ ಮಾತಿಗೆ ಅರ್ಥವಿದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿರುವಾಗ ಯಾವುದು ನಿಜ ಎಂದು ಆ ಸಂಖ್ಯೆ ಹೇಳಲಾರದು. ಅರ್ಧ ಮಕ್ಕಳಿಗೆ ಬರೀ ನೀರಿನ ಇಂಜೆಕ್ಷನ್ ಕೊಟ್ಟು ನೋಡಬಹುದಲ್ಲ ಎಂದರೆ, ಗಂಟಲು ಒಡೆದ ದಿನವೇ ಗುಟ್ಟು ರಟ್ಟಾಗುತ್ತದೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಇದನ್ನೆಲ್ಲ ಜಾಲಾಡಿ 2024ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಕೊಟ್ಟರು. 2011-12ರಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್ಕಿಗೆ ಕಳಿಸಿಕೊಟ್ಟ ಮಕ್ಕಳು 250ಕ್ಕಿಂತ ಕಡಿಮೆ. 2021-22ರಲ್ಲಿ 5,000ಕ್ಕೂ ಜಾಸ್ತಿ. ಹೊಸಬರಲ್ಲಿ ಹೆಚ್ಚಿನವರು ಹುಟ್ಟಿನಲ್ಲಿ ಹೆಣ್ಣು. ಖಿನ್ನತೆ, ಆಟಿಸಂ ಇದ್ದವರೂ ಬಹಳ. ನೆದರ್‌ಲೆಂಡ್ಸ್ ಲೆಕ್ಕವನ್ನು ಇವರಿಗೆ ಹಾಗೇ ಅನ್ವಯಿಸುವುದು ಹೇಗೆ? ಕ್ಯಾಸ್ ಅವರಿಗಾಗಿ ಯಾರ್ಕ್ ವಿಶ್ವವಿದ್ಯಾಲಯದವರು ಬ್ಲಾಕರ್ (ಅಂದರೆ ಹರೆಯ ತಡೆಯುವ ಈ ಮದ್ದು) ಮತ್ತು ಹಾರ್ಮೋನ್ ಕುರಿತ 103 ಅಧ್ಯಯನ ಓದಿದರು. ಉತ್ತಮ ಗುಣಮಟ್ಟದವು 2, ಮಧ್ಯಮ 58, ಕಳಪೆ 43. ಕ್ಯಾಸ್ 98% ಅಧ್ಯಯನಗಳನ್ನು ಕಸದ ಬುಟ್ಟಿಗೆ ಹಾಕಿದರು ಎಂಬ ಮಾತು ಈಗಲೂ ಓಡಾಡುತ್ತಿದೆ. ಅದು ತಪ್ಪು. ಮಧ್ಯಮ ಗುಣಮಟ್ಟದವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಹಾಗೆಯೇ, ಪುರಾವೆ ಸಾಲದು ಅಂದರೆ ಮದ್ದು ಕೆಲಸ ಮಾಡುವುದಿಲ್ಲ ಎಂದು ಸಾಬೀತಾಯಿತು ಅಂತಲೂ ಅಲ್ಲ. ಈ ಎರಡು ಮಾತನ್ನು ಬೇಕೆಂದೇ ಬೆರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅವರು ಯಾವ ಕಡೆಯವರೇ ಆಗಿರಲಿ.

2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಡಿಸ್ಫೋರಿಯಾಗೆಂದು 18 ತುಂಬದವರಿಗೆ ಹೊಸದಾಗಿ ಈ ಮದ್ದು ಬರೆದುಕೊಡುವುದನ್ನು ಅನಿರ್ದಿಷ್ಟ ಕಾಲಕ್ಕೆ ನಿಷೇಧಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಚಿಕಿತ್ಸೆಗೆ ತನ್ನ ಬೆಂಬಲವನ್ನು ಮತ್ತೊಮ್ಮೆ ಹೇಳಿತು, ಜೊತೆಗೆ ಪುರಾವೆಗಳ ಮರುಪರಿಶೀಲನೆಗೂ ಮುಂದಾಯಿತು.

ನನ್ನ ಮನಸ್ಸು ಎಚ್ಚರಿಕೆಯ ಕಡೆಗೇ ವಾಲುತ್ತದೆ. ಆದರೆ ಕ್ಯಾಸ್ ವರದಿಯಲ್ಲೇ ಇರುವ ಇನ್ನೊಂದು ಮಾತು ಕಾಡುತ್ತದೆ. ಮೊದಲ ಭೇಟಿಗೇ ಮಕ್ಕಳು ಎರಡು ವರ್ಷಕ್ಕೂ ಜಾಸ್ತಿ ಕಾಯುತ್ತಿದ್ದರು. ಮದ್ದು ಕೊಡುವುದು ಬಿಡುವುದು ಆಮೇಲಿನ ಮಾತು, ಕೂತು ಮಾತು ಕೇಳುವವರೂ ಇರಲಿಲ್ಲ. 13 ವರ್ಷಕ್ಕೆ ಹೆಸರು ಬರೆಸಿದ ಮಗುವಿಗೆ ಸರದಿ ಬರುವ ಹೊತ್ತಿಗೆ 15 ದಾಟಿರುತ್ತದೆ. ಗಂಟಲು ಆಗಲೇ ಒಡೆದಿರುತ್ತದೆ.