ಲೈನ್ ಫಾಲೋವರ್ ರೋಬಾಟ್‌ಗೆ ಬಿಚ್ಚಿ ಒಯ್ಯುವ ಅಂಗಳ

ಗೆರೆ ಹಿಡಿದು ಓಡುವ ರೋಬಾಟ್‌ನ ಹೊಟ್ಟೆಯಡಿ ಇರುವ ಸೆನ್ಸರ್ ನೆಲಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತೆಂದು ಅಳೆಯುತ್ತದೆ; ಬಿಳಿಯಿಂದ ಹೆಚ್ಚು ವಾಪಸ್ ಬರುತ್ತದೆ, ಕಪ್ಪಿನಿಂದ ಕಡಿಮೆ. ಸುಲಭವಾಗಿ ಸಿಗುವ ಟಿಸಿಆರ್‌ಟಿ5000 ಸೆನ್ಸರ್‌ನ ತರಂಗಾಂತರ 950 ನ್ಯಾನೋಮೀಟರ್. ನೆಲದಿಂದ ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿ ಅದು ಅತಿ ಚುರುಕು. ಹಾಗಾಗಿ ಹಲಗೆಗಳನ್ನು ಜೋಡಿಸಿ ರೋಬಾಟ್ ಓಡುವ ಅಂಗಳ ಮಾಡುವಾಗ ಅರ್ಧ ಮಿಲಿಮೀಟರ್ ಏರುತಗ್ಗೂ ಲೆಕ್ಕಕ್ಕೆ ಬರುತ್ತದೆ.

8 ಅಡಿ ಉದ್ದ, 4 ಅಡಿ ಅಗಲದ 6 ಮಿ.ಮೀ. ಪ್ಲೈವುಡ್ ಹಾಳೆ ಒಂದು ಸಾಕು. ಅಂಗಡಿಯಲ್ಲೇ ಅದನ್ನು 4 ಅಡಿ × 2 ಅಡಿಯ ನಾಲ್ಕು ತುಂಡು ಮಾಡಿಸಿ. ಪ್ರತಿ ಸೀಳಿಗೂ ಗರಗಸ ಸುಮಾರು 3 ಮಿ.ಮೀ. ತಿನ್ನುತ್ತದೆ; ನಾಲ್ಕೂ ತುಂಡು ಒಂದೇ ಅಳತೆಗೆ ಬರಲಿ ಎಂದು ಮೊದಲೇ ಹೇಳಿಬಿಡಿ. 6 ಮಿ.ಮೀ. ಪ್ಲೈ ಒಂಟಿಯಾಗಿ ಬಳುಕುತ್ತದೆ. ಅದಕ್ಕೆ ಕೆಳಗಡೆ ಒಂದಿಂಚು ಚೌಕದ ಮರದ ಪಟ್ಟಿ, ಅಂದರೆ ರೀಪರ್‌ನಿಂದ ಸುತ್ತ ಚೌಕಟ್ಟು, ನಡುವೆ ಎರಡು ಅಡ್ಡಪಟ್ಟಿ ಕೊಡಬೇಕು. ನಾಲ್ಕಕ್ಕೂ ಸೇರಿ 70 ಅಡಿ ರೀಪರ್ ತಂದರೆ ಕಡಿಮೆಯಾಗದು. ಒಂದು ಹಲಗೆ ನಾಲ್ಕೂವರೆ ಕಿಲೋ ಆಸುಪಾಸು ತೂಗುತ್ತದೆ. 18 ಮಿ.ಮೀ. ಪ್ಲೈ ಆದರೆ ಚೌಕಟ್ಟು ಬೇಡ, ಆದರೆ ತೂಕ ಎರಡು ಪಟ್ಟು.

ನಾಲ್ಕನ್ನೂ ಉದ್ದದ ಬದಿ ಕೂಡಿಸಿ ಸಾಲಾಗಿ ಇಡುವುದೇ ಒಳ್ಳೆಯದು. ಆಗ ಮೂರೇ ಜೋಡು, ಮೂರೂ ಸಮಾನಾಂತರ. ಎರಡೆರಡಾಗಿ ಇಟ್ಟರೆ ನಾಲ್ಕು ಮೂಲೆಗಳು ಒಂದೆಡೆ ಸೇರುತ್ತವೆ, ಅಲ್ಲಿ ಮಟ್ಟ ಹೊಂದಿಸುವುದು ತೀರಾ ಕಷ್ಟ.

ಜೋಡಿನಲ್ಲಿ 2 ಮಿ.ಮೀ. ಸಂದು ಉಳಿದರೆ ಏನಾಗುತ್ತದೆ ನೋಡಿ. ಸೆಕೆಂಡಿಗೆ ಒಂದು ಮೀಟರ್ ವೇಗದ ರೋಬಾಟ್ ಆ ಸಂದನ್ನು 2 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅದು ಸೆಕೆಂಡಿಗೆ ಸಾವಿರ ಸಲ ಸೆನ್ಸರ್ ಓದುತ್ತಿದ್ದರೆ, ಅಷ್ಟರಲ್ಲಿ ಎರಡು ಸಲ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಕಪ್ಪು ಎನ್ನುತ್ತವೆ. ಅಡ್ಡಗೆರೆ ಬಂತು, ಓಟ ಮುಗಿಯಿತು ಎಂದುಕೊಂಡು ರೋಬಾಟ್ ಅಲ್ಲೇ ನಿಂತುಬಿಡುತ್ತದೆ. ಪ್ರೋಗ್ರಾಂ ಸರಿಯಿಲ್ಲವೆಂದು ಮಕ್ಕಳು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ತಪ್ಪು ಹಲಗೆಯದು.

ಇದಕ್ಕೆ ಪರಿಹಾರ ಬಡಗಿ ಕೆಲಸದಲ್ಲೇ ಇದೆ. ಜೋಡಿನ ಬದಿಯಲ್ಲಿ ಪ್ಲೈ ಅಂಚು ರೀಪರ್‌ಗಿಂತ ಅರ್ಧ ಮಿ.ಮೀ. ಮುಂದೆ ಚಾಚಿರಲಿ, ಆಗ ಮೇಲ್ಮೈಗಳೇ ಮೊದಲು ಮುಟ್ಟುತ್ತವೆ. ಅಂದಕ್ಕೆಂದು ಅಂಚನ್ನು ದುಂಡಗೆ ಉಜ್ಜಲು ಬಿಡಬೇಡಿ. ಎರಡು ಹಲಗೆಗಳನ್ನು ಸಮತಟ್ಟಾದ ನೆಲದ ಮೇಲೆ ಬೋರಲಾಗಿ ಹಾಕಿ, ಒತ್ತಿ ಬಿಗಿದು, ಎರಡೂ ರೀಪರ್‌ಗಳ ಮೂಲಕ ಒಂದೇ ಏಟಿಗೆ 8 ಮಿ.ಮೀ. ತೂತು ಕೊರೆಯಿರಿ: ಜೋಡಿಗೆ ಮೂರು, ನಡುವಿನದು ತಪ್ಪದಂತೆ. ಒಂದು ಕಡೆ 8 ಮಿ.ಮೀ. ಅಲ್ಯೂಮಿನಿಯಂ ಸರಳಿನ ತುಂಡನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, 15 ಮಿ.ಮೀ. ಹೊರಗಿರಲಿ. ಮರದ ಗೂಟ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಸರಳು ಮಟ್ಟ ಕಾಯುತ್ತದೆ. ಬಿಗಿ ಹಿಡಿಯಲು ಜೋಡಿನ ಎರಡೂ ತುದಿಗೆ, ಹೊರಬದಿಯಲ್ಲಿ, ಟ್ರಂಕಿಗೆ ಹಾಕುವಂಥ ಎಳೆದು ಬಿಗಿಯುವ ಕ್ಲಿಪ್ ಸಾಕು. ಒಟ್ಟು ಆರು. ಸ್ಪ್ಯಾನರ್ ಬೇಡ, ಹಲಗೆ ಎತ್ತಬೇಕಿಲ್ಲ.

ಪ್ರೈಮರ್ ಮೇಲೆ ಎರಡು ಕೋಟ್ ಮ್ಯಾಟ್ ಬಿಳಿ ಬಳಿಯಿರಿ, ಹೊಳಪಿನ ಬಣ್ಣ ಬೆಳಕನ್ನು ಕನ್ನಡಿಯಂತೆ ತಿರುಗಿಸಿ ಸೆನ್ಸರ್‌ಗೆ ಮೋಸ ಮಾಡುತ್ತದೆ. ಅಂಚಿಗೂ ಬಿಳಿ ಬೇಕು, ಕೂದಲೆಳೆಯ ಸಂದು ಉಳಿದರೂ ಕಪ್ಪಾಗಿ ಕಾಣುವುದಿಲ್ಲ. ಹಿಂಬದಿಗೂ ಬಣ್ಣ ಕೊಡಿ. ಒಂದೇ ಬದಿಗೆ ಬಳಿದ ಪ್ಲೈ ಇನ್ನೊಂದು ಬದಿಯಿಂದ ತೇವ ಹೀರಿ ಬಾಗುತ್ತದೆ.

ಗೆರೆಗೆ 18 ಮಿ.ಮೀ. ಕಪ್ಪು ಇನ್ಸುಲೇಷನ್ ಟೇಪ್ ಒಗ್ಗುತ್ತದೆ. ಜಪಾನಿನ ರೋಬೋಟ್ರೇಸ್ ಸ್ಪರ್ಧೆಯ ಗೆರೆ 19 ಮಿ.ಮೀ., ಅಲ್ಲಿ ನೆಲ ಕಪ್ಪು, ಗೆರೆ ಬಿಳಿ. ತಿರುವಿನ ತ್ರಿಜ್ಯ ಕನಿಷ್ಠ 10 ಸೆಂ.ಮೀ. ಟೇಪನ್ನು ಎಳೆದು ಅಂಟಿಸಿದರೆ ದಿನ ಕಳೆದಂತೆ ಕುಗ್ಗಿ ತಿರುವಿನಲ್ಲಿ ಏಳುತ್ತದೆ. ತಿರುವುಗಳಿಗೆ ಮಾಸ್ಕಿಂಗ್ ಟೇಪ್ ನಡುವೆ ಮ್ಯಾಟ್ ಕಪ್ಪು ಬಣ್ಣ ಬಳಿಯುವುದೇ ಮೇಲು. ಆದರೆ ಕಣ್ಣಿಗೆ ಕಪ್ಪಾದದ್ದೆಲ್ಲ ಇನ್‌ಫ್ರಾರೆಡ್‌ಗೂ ಕಪ್ಪಲ್ಲ. ಇಂಗಾಲದ ಪುಡಿ ಬೆರೆತ ಕಪ್ಪು ಅದನ್ನು ಹೀರುತ್ತದೆ, ಕೆಲವು ಇಂಕ್‌ಜೆಟ್ ಕಪ್ಪುಗಳು ಬಿಳಿಯಷ್ಟೇ ಹಿಂದಕ್ಕೆ ಕಳಿಸುತ್ತವೆ. ಪೂರ್ತಿ ಬಳಿಯುವ ಮುನ್ನ ತುಂಡಿನ ಮೇಲೆ ಬಳಿದು ರೋಬಾಟ್‌ನದೇ ಸೆನ್ಸರ್ ಇಟ್ಟು ಓದಿ. ರೋಬಾಟ್‌ನ ಮಿದುಳಾಗಿ ಬಳಸುವ ಆರ್ಡುಯಿನೋ ಉನೋ ಬೋರ್ಡಿನ 0–1023ರ ಅಳತೆಯಲ್ಲಿ ಬಿಳಿಗೂ ಕಪ್ಪಿಗೂ 500ರಷ್ಟು ಅಂತರವಿದ್ದರೆ ನೆಮ್ಮದಿ.

ಜೋಡನ್ನು ಗೆರೆ ನೇರವಾಗಿ, ಲಂಬವಾಗಿಯೇ ದಾಟಬೇಕು. ಜೋಡಿನ ಆಚೀಚೆ 15 ಸೆಂ.ಮೀ. ಒಳಗೆ ತಿರುವಾಗಲಿ ಕೂಡುಗೆರೆಯಾಗಲಿ ಬೇಡ. ಹಲಗೆಗಳನ್ನು ಬಿಗಿದಿಟ್ಟೇ ಟೇಪ್ ಅಂಟಿಸಿ, ಆಮೇಲೆ ಸಂದಿನಲ್ಲಿ ಬ್ಲೇಡ್ ಎಳೆಯಿರಿ. ಹಿಂಬದಿಗೆ ಕ್ರಮಸಂಖ್ಯೆ, ಬಾಣದ ಗುರುತು ಬರೆದಿಡಿ.

ಬಿಸಿಲು ಬೀಳುವ ಕಿಟಕಿ ಪಕ್ಕ ಅಂಗಳ ಹಾಸಬೇಡಿ, ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳ. ಹ್ಯಾಲೊಜನ್ ದೀಪದ್ದೂ ಅದೇ ಕಥೆ, ಎಲ್‌ಇಡಿ ದೀಪ ತೊಂದರೆ ಕೊಡದು. ಕೆಲಸ ಮುಗಿದ ಮೇಲೆ ಹಲಗೆಗಳನ್ನು ಮುಖಕ್ಕೆ ಮುಖ ಮಾಡಿ, ನಡುವೆ ಹಳೆ ಬೆಡ್‌ಶೀಟ್ ಹಾಕಿ, ಮಟ್ಟಸವಾಗಿ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ.