ಪತಂಗಕ್ಕೆ ಮಸಿ ಬಳಿದವರು ಯಾರು?

ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ಇದ್ದರೆ ಒಂದು ಚೂರನ್ನು ಕೈಗೆತ್ತಿಕೊಂಡು ನೋಡಿ. ಒಂದು ಮಗ್ಗುಲು ಬೂದಿ ಬಿಳುಪು, ಮಗುಚಿದರೆ ಕಾಡಿಗೆ ಕಪ್ಪು. ಹೆಸರಿಗಷ್ಟೇ ಹೂವು, ನಿಜದಲ್ಲಿ ಅದು ಶಿಲೀಂಧ್ರವೂ ಪಾಚಿಯೂ ಸೇರಿ ಹೂಡಿದ ಸಂಸಾರ. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುತ್ತದೆ. ಗಾಳಿಯಲ್ಲಿ ಗಂಧಕದ ಹೊಗೆ ಹೆಚ್ಚಾದರೆ ಈ ವರ್ಗದ ಬಹುಪಾಲು ಜೀವಿಗಳು ಬದುಕುವುದಿಲ್ಲ. ಇಂಗ್ಲೆಂಡಿನ ಮರಗಳ ಮೇಲೆ ಇದರ ನೆಂಟರು ಸಾಯತೊಡಗಿದ ಕಾಲದಲ್ಲೇ ಜೀವವಿಕಾಸದ ಅತಿ ಪ್ರಸಿದ್ಧ ಕಥೆಯೊಂದು ಶುರುವಾಯಿತು.

ಕಥಾನಾಯಕ ಬಿಸ್ಟನ್ ಬೆಟುಲಾರಿಯಾ ಎಂಬ ಪತಂಗ. ಬಿಳಿ ರೆಕ್ಕೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು. ಅದಕ್ಕೇ ಇಂಗ್ಲಿಷಿನಲ್ಲಿ ಪೆಪ್ಪರ್ಡ್ ಮಾತ್ ಎನ್ನುತ್ತಾರೆ. ರಾತ್ರಿ ಹಾರಾಟ, ಹಗಲೆಲ್ಲ ಮರಕ್ಕೆ ಅಂಟಿಕೊಂಡು ಕೂರುವುದು. ಕಲ್ಲುಹೂವು ಹಬ್ಬಿದ ತೊಗಟೆಯ ಮೇಲೆ ಕೂತರೆ ಹತ್ತಿರ ಹೋದವರಿಗೂ ಕಾಣುವುದಿಲ್ಲ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಡಲ್‌ಸ್ಟನ್ ಎಂಬ ಹವ್ಯಾಸಿಗೆ ಇದೇ ಜಾತಿಯ ಪೂರ್ತಿ ಕಪ್ಪಾದ ಪತಂಗವೊಂದು ಸಿಕ್ಕಿತು. ಆಗ ಅದು ಸಂಗ್ರಹಕಾರರಿಗೆ ಅಪರೂಪದ ವಸ್ತು. 1895ರ ಹೊತ್ತಿಗೆ ಅದೇ ಊರಿನಲ್ಲಿ ನೂರಕ್ಕೆ 98 ಪತಂಗಗಳು ಕಪ್ಪು.

ನಡುವೆ ನಡೆದದ್ದು ಕಲ್ಲಿದ್ದಲಿನ ದರ್ಬಾರು. ಗಿರಣಿಗಳ ಹೊಗೆಗೆ ಕಲ್ಲುಹೂವು ಸತ್ತು, ಬೋಳಾದ ತೊಗಟೆಗೆ ಮಸಿ ಮೆತ್ತಿಕೊಂಡಿತ್ತು.

ಈ ಪಾಠ ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲೂ ಇದೆ. ಓದಿದವರನ್ನು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ‘ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಪತಂಗ ಕಪ್ಪು ಬಣ್ಣಕ್ಕೆ ತಿರುಗಿತು.’ ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಯಾವ ಪತಂಗವೂ ಬಣ್ಣ ಬದಲಿಸಲಿಲ್ಲ. ಬಿಳಿಯದಾಗಿ ರೆಕ್ಕೆ ಬಿಚ್ಚಿದ್ದು ಬಿಳಿಯದಾಗಿಯೇ ಸತ್ತಿತು. ಬದಲಾದದ್ದು ಗುಂಪಿನಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂಬ ಲೆಕ್ಕ ಮಾತ್ರ.

ಮೊರದಲ್ಲಿ ಕೇರುವುದನ್ನು ನೆನೆಯಿರಿ. ಮೊರ ಕಾಳನ್ನು ಹುಟ್ಟಿಸುವುದಿಲ್ಲ. ಇರುವುದರಲ್ಲಿ ಕೆಲವನ್ನು ಹೊರಹಾಕುತ್ತದೆ, ಕೆಲವನ್ನು ಉಳಿಸುತ್ತದೆ. ನಿಸರ್ಗದ ಆಯ್ಕೆಯೂ ಹಾಗೆಯೇ. ಒಂದೇ ಜಾತಿಯೊಳಗೆ ವ್ಯತ್ಯಾಸಗಳಿರಬೇಕು, ಅವು ಮರಿಗಳಿಗೆ ಇಳಿದುಬರುವಂತಿರಬೇಕು, ಮತ್ತು ಆ ವ್ಯತ್ಯಾಸದಿಂದಾಗಿ ಕೆಲವರ ಸಂತಾನ ಹೆಚ್ಚಬೇಕು. ಇಷ್ಟಾದರೆ ತಲೆಮಾರು ಕಳೆದಂತೆ ಗುಂಪಿನ ಚಹರೆ ತಾನಾಗಿ ಬದಲಾಗುತ್ತದೆ. ಮೊರದ ಹಿಂದೆ ಒಂದು ಕೈ ಇರುತ್ತದೆ, ಇಲ್ಲಿ ಅದೂ ಇಲ್ಲ. ಹೋಲಿಕೆ ಸೋಲುವುದು ಅಲ್ಲೇ, ಜನರಿಗೆ ನುಂಗಲು ಕಷ್ಟವಾಗುವುದೂ ಅದೇ.

ಡಾರ್ವಿನ್ ತಮ್ಮ ಸಿದ್ಧಾಂತದ ಪುಸ್ತಕವನ್ನು ಪ್ರಕಟಿಸಿದ್ದು 1859ರಲ್ಲಿ. ಈ ಬದಲಾವಣೆ ಎಷ್ಟು ನಿಧಾನವೆಂದರೆ ನಮ್ಮ ಕಣ್ಣೆದುರು ಕಾಣಸಿಗದು ಎಂದೇ ಅವರು ನಂಬಿದ್ದರು. ಅವರದೇ ದೇಶದಲ್ಲಿ, ಅವರು ಬದುಕಿರುವಾಗಲೇ, ವರ್ಷಕ್ಕೊಂದು ತಲೆಮಾರಿನಂತೆ ಅದು ನಡೆಯುತ್ತಿತ್ತು.

ಮಸಿ ಹಿಡಿದ ಮರದ ಮೇಲೆ ಎದ್ದು ಕಾಣುವ ಬಿಳಿ ಪತಂಗಗಳನ್ನು ಹೆಕ್ಕುವ ಹಕ್ಕಿಗಳೇ ಇದಕ್ಕೆ ಕಾರಣ ಎಂದು 1896ರಲ್ಲಿ ಕೀಟಶಾಸ್ತ್ರಜ್ಞ ಜೇಮ್ಸ್ ಟಟ್ ಬರೆದರು. ಹಲವರು ಒಪ್ಪಲಿಲ್ಲ. ಹಕ್ಕಿ ಪತಂಗವನ್ನು ಹೆಕ್ಕುವುದನ್ನು ಕಂಡವರಾರು ಎಂಬುದು ಅವರ ಪ್ರಶ್ನೆ. 1920ರ ದಶಕದಲ್ಲಿ ಹೆಸ್ಲಪ್ ಹ್ಯಾರಿಸನ್, ಲೋಹದ ಲವಣ ಬೆರೆತ ಎಲೆ ತಿನ್ನಿಸಿದರೆ ಪತಂಗಗಳ ಸಂತತಿ ಕಪ್ಪಾಗುತ್ತದೆ ಎಂದು ವಾದಿಸಿದರು. ಬೇರೆಯವರು ಮಾಡಿ ನೋಡಿದಾಗ ಆಗಲಿಲ್ಲ. ಅತ್ತ 1924ರಲ್ಲಿ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕಾಗದ ಪೆನ್ಸಿಲಿನಲ್ಲೇ ಲೆಕ್ಕ ಹಾಕಿದರು: ಇಷ್ಟು ಬೇಗ ಕಪ್ಪು ಹಬ್ಬಬೇಕಾದರೆ ಬಿಳಿಯ ಎರಡು ಮರಿ ಉಳಿಯುವಲ್ಲಿ ಕಪ್ಪಿನ ಮೂರು ಉಳಿಯಬೇಕು. ಅಷ್ಟೊಂದು ಬಿರುಸಿನ ಆಯ್ಕೆ ಆಗ ಯಾರ ಊಹೆಯಲ್ಲೂ ಇರಲಿಲ್ಲ. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.)

ಲೆಕ್ಕವನ್ನು ಕಾಡಿಗೆ ಒಯ್ದವರು ವೈದ್ಯವೃತ್ತಿ ಬಿಟ್ಟು ಪತಂಗದ ಹಿಂದೆ ಬಿದ್ದ ಬರ್ನಾರ್ಡ್ ಕೆಟಲ್‌ವೆಲ್. 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿ ಹಿಡಿದ ಕಾಡಿನಲ್ಲಿ, ರೆಕ್ಕೆಯ ಅಡಿಗೆ ಬಣ್ಣದ ಚುಕ್ಕೆಯಿಟ್ಟು ಎರಡೂ ಬಗೆಯ ಪತಂಗಗಳನ್ನು ಬಿಟ್ಟರು. ರಾತ್ರಿ ಬಲೆಗೆ ಮರಳಿ ಸಿಕ್ಕಿದ್ದು ಕಪ್ಪಿನಲ್ಲಿ ನೂರಕ್ಕೆ ಸುಮಾರು 27, ಬಿಳಿಯಲ್ಲಿ 13. 1955ರಲ್ಲಿ ಡಾರ್ಸೆಟ್‌ನ ಹೊಗೆಯಿಲ್ಲದ ಕಾಡಿನಲ್ಲಿ ಫಲಿತಾಂಶ ತಲೆಕೆಳಗಾಯಿತು: ಕಪ್ಪು 6, ಬಿಳಿ 12. ಹಕ್ಕಿಗಳು ಪತಂಗ ಹೆಕ್ಕುವುದನ್ನು ಪ್ರಾಣಿಗಳ ವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಚಿತ್ರೀಕರಿಸಿದರು. ಅಲ್ಲಿಗೆ ಕಥೆ ಪಠ್ಯಪುಸ್ತಕ ಸೇರಿತು.

ಸೇರಿದ ಮೇಲೆ ಜಗಳ ಎದ್ದಿತು. ಪತಂಗಗಳು ಸಹಜವಾಗಿ ಕೂರುವುದು ಹೆಚ್ಚಾಗಿ ಮೇಲಿನ ಕೊಂಬೆಗಳಲ್ಲಿ, ಕೆಟಲ್‌ವೆಲ್ ಬಿಟ್ಟದ್ದು ಕಾಂಡದ ಮೇಲೆ; ಪುಸ್ತಕಗಳಲ್ಲಿ ಅಚ್ಚಾದ ಎಷ್ಟೋ ಚಿತ್ರಗಳು ಸತ್ತ ಪತಂಗಗಳನ್ನು ಜೋಡಿಸಿ ತೆಗೆದವು. 1998ರ ನಂತರ ಈ ಆಕ್ಷೇಪಗಳು ದೊಡ್ಡದಾಗಿ, ವಿಕಾಸವನ್ನೇ ಒಪ್ಪದವರ ಕೈಗೆ ಕೋಲು ಕೊಟ್ಟಂತಾಯಿತು. ಆಕ್ಷೇಪಗಳಲ್ಲಿ ಹುರುಳಿತ್ತು ಎಂದೇ ನನ್ನ ಎಣಿಕೆ. ಹಾಗೆಂದು ತೀರ್ಮಾನವೇ ಸುಳ್ಳಾಗಬೇಕಿರಲಿಲ್ಲ. ಕೇಂಬ್ರಿಡ್ಜ್‌ನ ಮೈಕೆಲ್ ಮಜೇರಸ್ ಪ್ರಯೋಗವನ್ನು ಮೊದಲಿಂದ ಮಾಡಲು ಕೂತರು. ತಮ್ಮ ಮನೆಯ ತೋಟದಲ್ಲೇ, ಆರು ವರ್ಷ, 4,864 ಪತಂಗಗಳು. ರಾತ್ರಿ ಅವು ತಾವೇ ಜಾಗ ಹುಡುಕಿ ಕೂರುವಂತೆ ಬಿಟ್ಟು, ಬೆಳಗ್ಗೆ ದುರ್ಬೀನು ಹಿಡಿದು ಕಾಯುತ್ತಿದ್ದರು. ಒಂಬತ್ತು ಜಾತಿಯ ಹಕ್ಕಿಗಳು ತಿಂದದ್ದನ್ನು ಕಂಡರು. ಗಾಳಿ ತಿಳಿಯಾಗಿದ್ದ ಆ ತೋಟದಲ್ಲಿ ಹೆಚ್ಚು ಬಲಿಯಾದದ್ದು ಕಪ್ಪು. 2009ರಲ್ಲಿ ಮಜೇರಸ್ ತೀರಿಕೊಂಡರು. 2012ರಲ್ಲಿ ಅವರ ಅಂಕಿಅಂಶಗಳನ್ನು ಬೇರೆ ವಿಜ್ಞಾನಿಗಳು ಪ್ರಕಟಿಸಿದರು.

ಹಾಗಾದರೆ ಮೊದಲ ಕಪ್ಪು ಬಂದದ್ದೆಲ್ಲಿಂದ? 2016ರಲ್ಲಿ ಲಿವರ್‌ಪೂಲ್‌ನ ತಂಡ ಅದಕ್ಕೂ ಉತ್ತರ ಹುಡುಕಿತು. ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ಹಾರುವ ತುಣುಕುಗಳಿವೆ. ಅಂಥದೊಂದು, ಸುಮಾರು 22 ಸಾವಿರ ಅಕ್ಷರಗಳಷ್ಟು ಉದ್ದದ್ದು, ಕಾರ್ಟೆಕ್ಸ್ ಎಂಬ ಜೀನ್ ಒಳಗೆ ನುಸುಳಿತ್ತು. ಕಾಲ ಅಂದಾಜು 1819. ಹೊಗೆ ಅದನ್ನು ತರಲಿಲ್ಲ. ಹಳ್ಳಿಯ ಬಿಳಿ ತೊಗಟೆಯ ಮೇಲೆ ಅದೇ ಬಣ್ಣ ಸಾವಿನ ಕರೆ. ಮಸಿ ಹಿಡಿದ ಮರದ ಮೇಲೆ ರಕ್ಷೆ.

1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು. ಲಿವರ್‌ಪೂಲ್ ಸಮೀಪದ ತಮ್ಮ ಮನೆಯಲ್ಲಿ ಸಿರಿಲ್ ಕ್ಲಾರ್ಕ್ ಎಂಬ ವೈದ್ಯರು 1959ರಿಂದ ದೀಪದ ಬೋನಿಟ್ಟು ಪತಂಗಗಳನ್ನು ಎಣಿಸುತ್ತಾ ಬಂದರು. ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಇಂದು ನಮ್ಮ ಆಸ್ಪತ್ರೆಗಳಲ್ಲೂ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಹಿಂದಿರುವವರಲ್ಲಿ ಇವರೂ ಒಬ್ಬರು. ರಕ್ತದ ಗುಂಪಿನ ಕಡೆಗೆ ಅವರನ್ನು ಎಳೆದದ್ದೂ ಚಿಟ್ಟೆಗಳ ವಂಶಪರಂಪರೆಯ ಅಧ್ಯಯನವೇ. ಅವರ ಬೋನಿನಲ್ಲಿ ಮೊದಲು ನೂರಕ್ಕೆ 90ಕ್ಕೂ ಹೆಚ್ಚು ಕಪ್ಪು. 1989ರ ಹೊತ್ತಿಗೆ ಸುಮಾರು 30. ಈಗ ಇಂಗ್ಲೆಂಡಿನ ತೊಗಟೆಗಳಿಗೆ ಕಲ್ಲುಹೂವಿನ ನೆಂಟರು ಮರಳಿದ್ದಾರೆ, ಕಪ್ಪು ಪತಂಗ ಮತ್ತೆ ಅಪರೂಪದ ವಸ್ತುವಾಗಿದೆ.